ಅಮಿನ್‌ದೀವಿ ದ್ವೀಪಗಳು

ಅಮಿನ್‌ದೀವಿ ದ್ವೀಪಗಳು ಅರಬ್ಬೀ ಸಮುದ್ರದಲ್ಲಿರುವ ಹವಳದ್ವೀಪಗಳ ಸಮೂಹ. ಭಾರತದ ಕೇಂದ್ರಾಡಳಿತ ಪ್ರದೇಶವಾದ ಲಕ್ಷದ್ವೀಪದ ಉತ್ತರ ಭಾಗವೇ ಈ ಸಮೂಹ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ಮತ್ತು ಬಿತ್ರಾ ಇದರ ಐದು ಜನವಸತಿ ದ್ವೀಪಗಳು. 18ನೆಯ ಶತಮಾನದ ಕೊನೆಯಲ್ಲಿ ಮೈಸೂರಿನ ಟಿಪ್ಪು ಸುಲ್ತಾನನ ಆಳ್ವಿಕೆಗೆ ಬಂದ ಈ ದ್ವೀಪಗಳು, 1799ರಿಂದ 1956ರವರೆಗೆ ಮಂಗಳೂರಿನಿಂದ ಆಡಳಿತ ನಡೆಯುತ್ತಿದ್ದ ಕೆನರಾ ಮತ್ತು ನಂತರದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಅವು ಜಿಲ್ಲೆಯಿಂದ ಬೇರ್ಪಟ್ಟು ಕೇಂದ್ರಾಡಳಿತಕ್ಕೆ ಸೇರಿದವು.

ವಿಸ್ತಾರದಲ್ಲಿ ಬಹಳ ಚಿಕ್ಕವಾದ ಈ ದ್ವೀಪಗಳು ಕಡಲ ಗಡಿ, ನೌಕಾಮಾರ್ಗ ಮತ್ತು ರಕ್ಷಣೆಯ ದೃಷ್ಟಿಯಿಂದ ಮಹತ್ವ ಪಡೆದಿವೆ. ದ್ವೀಪಗಳ ಭೂರಾಜಕೀಯವನ್ನು ಅಭ್ಯಾಸ ಮಾಡುವವರಿಗೆ ಇವುಗಳ ಇತಿಹಾಸ ಒಂದು ಮುಖ್ಯ ಉದಾಹರಣೆ. ಒಂದು ದೊರೆತನ ಹೋಗಿ ಇನ್ನೊಂದು ಬಂದ ಘಟನೆಯ ಹಿಂದೆ ಇಲ್ಲಿ ಯುದ್ಧಕ್ಕಿಂತ ಮೊದಲು ತೆಂಗಿನ ನಾರಿನ ಬೆಲೆಯ ಪ್ರಶ್ನೆ ಇತ್ತು.

ಹೆಸರು

ಸಮೂಹಕ್ಕೆ ಅದರ ಪ್ರಮುಖ ದ್ವೀಪವಾದ ಅಮಿನಿಯಿಂದ ಹೆಸರು ಬಂದಿದೆ. 'ದೀವಿ' ಎಂಬುದು ಸಂಸ್ಕೃತದ 'ದ್ವೀಪ' ಶಬ್ದದ ತದ್ಭವ ರೂಪ. ಮಾಲ್ದೀವ್ಸ್ ಹಾಗೂ ಕಾರವಾರದ ಬಳಿಯ ಅಂಜದೀವ ಎಂಬ ಹೆಸರುಗಳಲ್ಲಿಯೂ ಇದೇ ಶಬ್ದವನ್ನು ಕಾಣಬಹುದು.

ಭೌಗೋಳಿಕ ಸ್ಥಿತಿ

ಐದು ದ್ವೀಪಗಳೂ 11 ಮತ್ತು 12 ಡಿಗ್ರಿ ಉತ್ತರ ಅಕ್ಷಾಂಶಗಳ ನಡುವೆ ಇವೆ. ಇವುಗಳಲ್ಲಿ ಪೂರ್ವದ ಅಂಚಿನಲ್ಲಿರುವ ಕಿಲ್ತಾನ್ ಮಂಗಳೂರಿನಿಂದ ನೇರ ದೂರದಲ್ಲಿ ಸುಮಾರು 250 ಕಿ.ಮೀ. ನೈರುತ್ಯಕ್ಕಿದೆ. ವಿಸ್ತೀರ್ಣದಲ್ಲಿ ಕಡಮತ್ ಸುಮಾರು 3.2 ಚ.ಕಿ.ಮೀ., ಅಮಿನಿ 2.6 ಚ.ಕಿ.ಮೀ. ಮತ್ತು ಕಿಲ್ತಾನ್ 2.2 ಚ.ಕಿ.ಮೀ. ಇವೆ. ಚೆತ್ಲಾತ್ ಒಂದು ಚ.ಕಿ.ಮೀ.ಗಿಂತ ಸ್ವಲ್ಪ ದೊಡ್ಡದು. ಬಿತ್ರಾ ಕೇವಲ 0.1 ಚ.ಕಿ.ಮೀ.ನಷ್ಟಿದ್ದು, ಲಕ್ಷದ್ವೀಪದ ಜನವಸತಿ ದ್ವೀಪಗಳಲ್ಲಿಯೇ ಅತ್ಯಂತ ಚಿಕ್ಕದಾಗಿದೆ. ಆದರೆ ಅದರ ಸುತ್ತಲಿನ ಲಗೂನ್, ಅಂದರೆ ಹವಳದ ದಿಬ್ಬಗಳ ಒಳಗಿನ ಶಾಂತವಾದ ನೀರು, ದ್ವೀಪದ ನೆಲಕ್ಕಿಂತ ನೂರಾರು ಪಟ್ಟು ವಿಶಾಲವಾಗಿದೆ. ಮೀನುಗಾರಿಕೆಗೆ ಈ ಲಗೂನ್ ಹೆಸರಾಗಿದೆ.

ನೆಲವೆಲ್ಲ ಹವಳದ ಮರಳು. ಸಮುದ್ರಮಟ್ಟದಿಂದ ಕೆಲವೇ ಮೀಟರ್ ಎತ್ತರ. ಹೊಳೆ, ಬೆಟ್ಟ ಯಾವುದೂ ಇಲ್ಲ. ಮಳೆಯ ನೀರು ಮರಳಿನಲ್ಲಿ ಇಂಗಿ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ನಿಲ್ಲುತ್ತದೆ. ಕುಡಿಯುವ ನೀರಿನ ಬಾವಿಗಳಿಗೆ ಆ ಪದರವೇ ಆಧಾರ. ತೆಂಗು ಮುಖ್ಯ ಬೆಳೆ. ಅಕ್ಕಿಯನ್ನು ಪೂರ್ಣವಾಗಿ ಹೊರಗಿನಿಂದ ತರಬೇಕು. ನೈರುತ್ಯ ಮಾರುತದ ತಿಂಗಳುಗಳಲ್ಲಿ ಕಡಲು ಉಕ್ಕುವುದರಿಂದ ಹಾಯಿಹಡಗುಗಳ ಸಂಚಾರ ಹಿಂದೆ ಪೂರ್ತಿ ನಿಂತುಹೋಗುತ್ತಿತ್ತು. ಮಳೆಗಾಲಕ್ಕೆ ಮುಂಚೆ ಅಕ್ಕಿ ಬಂದು ಸೇರದಿದ್ದರೆ ದ್ವೀಪದಲ್ಲಿ ಹಸಿವು ತಪ್ಪುತ್ತಿರಲಿಲ್ಲ. ಮುಂದಿನ ರಾಜಕೀಯ ಇತಿಹಾಸವನ್ನು ತಿಳಿಯಲು ಈ ಒಂದು ಸಂಗತಿಯನ್ನು ನೆನಪಿನಲ್ಲಿಡುವುದು ಅವಶ್ಯಕ.

ಜನ ಮತ್ತು ಸಮಾಜ

2011ರ ಜನಗಣತಿಯ ಪ್ರಕಾರ ಅಮಿನಿಯಲ್ಲಿ 7,661, ಕಡಮತ್‌ನಲ್ಲಿ 5,404, ಕಿಲ್ತಾನ್‌ನಲ್ಲಿ 3,946, ಚೆತ್ಲಾತ್‌ನಲ್ಲಿ 2,347 ಹಾಗೂ ಬಿತ್ರಾದಲ್ಲಿ 271 ಜನರಿದ್ದರು. ಅದೇ ಗಣತಿಯಲ್ಲಿ ಇಡೀ ಲಕ್ಷದ್ವೀಪದ ಜನಸಂಖ್ಯೆ 64,473.

ಜನರಾಡುವ ಭಾಷೆ ಮಲಯಾಳಂನ ಒಂದು ಪ್ರಭೇದವಾದ ಜೆಸರಿ. ಬಹುತೇಕ ಎಲ್ಲರೂ ಇಸ್ಲಾಂ ಧರ್ಮದವರು. ದ್ವೀಪದ ಮೂಲನಿವಾಸಿಗಳನ್ನು ಪರಿಶಿಷ್ಟ ಪಂಗಡವೆಂದು ಗುರುತಿಸಲಾಗಿದೆ. ಉಬೈದುಲ್ಲಾ ಎಂಬ ಸಂತರು 7ನೆಯ ಶತಮಾನದಲ್ಲಿ ಮೊದಲು ಅಮಿನಿಗೆ ಬಂದು ಧರ್ಮಬೋಧೆ ಮಾಡಿದರೆಂಬುದು ಸ್ಥಳೀಯ ಐತಿಹ್ಯ. ಮುಸ್ಲಿಂ ಸಮಾಜವಾಗಿದ್ದೂ ಆಸ್ತಿ ಮತ್ತು ಮನೆತನ ತಾಯಿಯ ಕಡೆಯಿಂದ ಬರುವ ಪದ್ಧತಿ ಇಲ್ಲಿ ಉಳಿದುಬಂದಿದೆ. ಇದು ತುಳುನಾಡಿನ ಅಳಿಯಕಟ್ಟು ಮತ್ತು ಮಲಬಾರಿನ ಮರುಮಕ್ಕತ್ತಾಯಂ ಪದ್ಧತಿಗಳಿಗೆ ಹತ್ತಿರವಾದುದು.

ತೆಂಗಿನ ಸಿಪ್ಪೆಯನ್ನು ದಂಡೆಯ ಮರಳಿನಲ್ಲಿ ಹೂತು ತಿಂಗಳುಗಟ್ಟಲೆ ನೆನೆಸಿ, ಬಡಿದು ನಾರು ತೆಗೆದು, ಹುರಿ ಹೊಸೆಯುವುದು ಹೆಚ್ಚಾಗಿ ಹೆಂಗಸರ ಕೆಲಸವಾಗಿತ್ತು. ಹುರಿಯನ್ನು 'ಓಡಂ' ಎಂಬ ಹಾಯಿಹಡಗಿನಲ್ಲಿ ತುಂಬಿ ಮುಖ್ಯ ಭೂಮಿಗೆ ಒಯ್ದು, ಅಕ್ಕಿ ತರುವುದು ಗಂಡಸರ ಕೆಲಸ. ಹೀಗಾಗಿ ಹುರಿಗೆ ಸಿಗುವ ಬೆಲೆ ಕುಸಿದರೆ ಮನೆಗೆ ಬರುವ ಅಕ್ಕಿಯೂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತಿತ್ತು.

ಇತಿಹಾಸ

ಅರಕ್ಕಲ್ ಮನೆತನದ ಆಳ್ವಿಕೆ

ದ್ವೀಪಗಳು ಮೊದಲು ಉತ್ತರ ಮಲಬಾರಿನ ಕೋಲತ್ತಿರಿ ಅರಸರ ಅಧೀನದಲ್ಲಿದ್ದು, 16ನೆಯ ಶತಮಾನದಲ್ಲಿ ಕಣ್ಣೂರಿನ ಅರಕ್ಕಲ್ ಮನೆತನಕ್ಕೆ ಸೇರಿದವು. ಅದೇ ಶತಮಾನದ ಆರಂಭದಲ್ಲಿ ಪೋರ್ಚುಗೀಸರು ನಾರಿನ ಹುರಿಗಾಗಿ ಅಮಿನಿಯಲ್ಲಿ ಬೀಡುಬಿಟ್ಟಿದ್ದರು. ಹಡಗುಗಳ ಹಗ್ಗಕ್ಕೆ ಆ ಕಾಲದಲ್ಲಿ ತೆಂಗಿನ ನಾರು ಅತ್ಯಾವಶ್ಯಕವಾಗಿತ್ತು. ದ್ವೀಪದವರು ಪೋರ್ಚುಗೀಸರಿಗೆ ವಿಷವಿಕ್ಕಿ ಅವರನ್ನು ಕೊನೆಗಾಣಿಸಿದರೆಂಬ ಕಥೆ ಅಮಿನಿಯ ಐತಿಹ್ಯದಲ್ಲಿದೆ.

18ನೆಯ ಶತಮಾನದಲ್ಲಿ ಅರಕ್ಕಲ್ ಮನೆತನ ನಾರಿನ ವ್ಯಾಪಾರವನ್ನು ತನ್ನ ಏಕಸ್ವಾಮ್ಯ ಮಾಡಿಕೊಂಡಿತು. ದ್ವೀಪದವರು ಹುರಿಯನ್ನು ಆ ಮನೆತನಕ್ಕೇ ಮಾರಬೇಕು. ಬೆಲೆ ಗೊತ್ತುಮಾಡುವುದೂ ಅದೇ ಮನೆತನ. ಪೇಟೆಯ ದರಕ್ಕಿಂತ ಬಹಳ ಕಡಿಮೆಯಾದ ಈ ಬೆಲೆ ಮತ್ತು ಅಧಿಕಾರಿಗಳ ಕಿರುಕುಳದಿಂದ ಅಮಿನಿಯ ಜನ ಬೇಸತ್ತರು.

ಟಿಪ್ಪು ಸುಲ್ತಾನನ ಆಳ್ವಿಕೆ

1780ರ ದಶಕದಲ್ಲಿ ಅಮಿನಿಯ ಕೆಲವರು ಧೈರ್ಯಮಾಡಿ ಮಂಗಳೂರಿಗೆ ಬಂದು, ತಮ್ಮ ದ್ವೀಪಗಳ ಆಡಳಿತವನ್ನು ವಹಿಸಿಕೊಳ್ಳಬೇಕೆಂದು ಟಿಪ್ಪು ಸುಲ್ತಾನನಲ್ಲಿ ಬಿನ್ನವಿಸಿಕೊಂಡರು. ಲಕ್ಷದ್ವೀಪ ಆಡಳಿತದ ಇತಿಹಾಸ ಈ ಘಟನೆಯನ್ನು 1783ಕ್ಕೆ ಸೇರಿಸುತ್ತದೆ. ದ್ವೀಪಗಳು ಮೈಸೂರಿಗೆ ಸೇರಿದ ವರ್ಷ 1787 ಎಂದು ಇತರ ಕೃತಿಗಳಲ್ಲಿದೆ. ಆ ಸಮಯದಲ್ಲಿ ಟಿಪ್ಪುವಿಗೂ ಅರಕ್ಕಲ್ ಬೀಬಿಗೂ ಸ್ನೇಹವಿತ್ತು. ಆದ್ದರಿಂದ ವಿಷಯ ಮಾತುಕತೆಯಲ್ಲಿ ಇತ್ಯರ್ಥವಾಗಿ, ಉತ್ತರದ ಐದು ದ್ವೀಪಗಳು ಮೈಸೂರಿಗೆ ಬಂದವು. ಕವರತ್ತಿ, ಅಗತ್ತಿ, ಆಂಡ್ರೋತ್, ಕಲ್ಪೇನಿ ಮೊದಲಾದ ದಕ್ಷಿಣದ ದ್ವೀಪಗಳು ಮತ್ತು ಮಿನಿಕಾಯ್ ಅರಕ್ಕಲ್ ಮನೆತನದಲ್ಲಿಯೇ ಉಳಿದವು.

ಒಂದೇ ಭಾಷೆ, ಒಂದೇ ಧರ್ಮ, ಒಂದೇ ಬಗೆಯ ಬದುಕು ಇದ್ದ ದ್ವೀಪಗಳು ಹೀಗೆ ಎರಡು ಆಡಳಿತಗಳಿಗೆ ಹಂಚಿಹೋದವು. ಮುಂದೆ 170 ವರ್ಷಗಳ ಕಾಲ ಈ ವಿಭಜನೆ ಉಳಿಯಿತು.

ಮಂಗಳೂರಿನ ಆಡಳಿತ

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಕೆನರಾ ಪ್ರಾಂತ್ಯದೊಡನೆ ಅಮಿನ್‌ದೀವಿ ದ್ವೀಪಗಳೂ ಈಸ್ಟ್ ಇಂಡಿಯಾ ಕಂಪನಿಯ ವಶವಾದವು. ದ್ವೀಪಗಳ ಮೇಲೆ ತನಗೆ ಹಕ್ಕಿದೆಯೆಂದು ಅರಕ್ಕಲ್ ಬೀಬಿ ವಾದಿಸಿದಾಗ, ಕಂಪನಿ ದ್ವೀಪಗಳನ್ನು ಹಿಂದಿರುಗಿಸದೆ ಅವಳು ಸಲ್ಲಿಸಬೇಕಾದ ವಾರ್ಷಿಕ ಕಪ್ಪದಲ್ಲಿ ರಿಯಾಯಿತಿ ನೀಡಿತು. 1862ರಲ್ಲಿ ಉತ್ತರ ಕನ್ನಡ ಬೊಂಬಾಯಿ ಪ್ರಾಂತ್ಯಕ್ಕೆ ಹೋಯಿತು. ದಕ್ಷಿಣ ಕನ್ನಡ ಮತ್ತು ಅದರೊಡನೆ ಅಮಿನ್‌ದೀವಿ ಮದರಾಸು ಪ್ರಾಂತ್ಯದಲ್ಲಿ ಉಳಿದವು. ದಕ್ಷಿಣದ ದ್ವೀಪಗಳನ್ನು ಬ್ರಿಟಿಷರು 1875ರಲ್ಲಿ ತಮ್ಮ ಉಸ್ತುವಾರಿಗೆ ತೆಗೆದುಕೊಂಡರು. 1908ರಲ್ಲಿ ಅರಕ್ಕಲ್ ಮನೆತನ ಅವುಗಳನ್ನು ಔಪಚಾರಿಕವಾಗಿ ಬಿಟ್ಟುಕೊಟ್ಟಿತು. ಆದರೂ ಅವುಗಳ ಆಡಳಿತ ಮಲಬಾರ್ ಜಿಲ್ಲೆಯಿಂದ ನಡೆಯಿತೇ ಹೊರತು ಎರಡು ಸಮೂಹಗಳು ಒಂದಾಗಲಿಲ್ಲ.

ಮಂಗಳೂರಿನ ಕಲೆಕ್ಟರರ ಪರವಾಗಿ ಅಮಿನಿಯಲ್ಲಿ 'ಮಣೆಗಾರ' ಎಂಬ ಅಧಿಕಾರಿ ಇರುತ್ತಿದ್ದನು. ಯಾವ ಏಕಸ್ವಾಮ್ಯದಿಂದ ಪಾರಾಗಲು ದ್ವೀಪದವರು ದೊರೆಯನ್ನು ಬದಲಿಸಿದ್ದರೋ ಅದು ಹೊಸ ಆಡಳಿತದಲ್ಲಿಯೂ ಮುಂದುವರಿಯಿತು. ಹುರಿಯನ್ನು ಮಂಗಳೂರಿನ ಸರ್ಕಾರಿ ಉಗ್ರಾಣಕ್ಕೆ ಒಪ್ಪಿಸಬೇಕಿತ್ತು. ದರವನ್ನು ಸರ್ಕಾರ ನಿಗದಿಮಾಡಿ, ಅದರ ಒಂದು ಭಾಗವನ್ನು ಅಕ್ಕಿಯ ರೂಪದಲ್ಲಿ ಕೊಡುತ್ತಿತ್ತು. ಮಳೆಗಾಲಕ್ಕೆ ಮುಂಚೆ ಅಕ್ಕಿ ಖಚಿತವಾಗಿ ದೊರೆಯುವುದು ಈ ವ್ಯವಸ್ಥೆಯ ಅನುಕೂಲ. ಪೇಟೆಯಲ್ಲಿ ಬೆಲೆ ಏರಿದಾಗ ಅದರ ಲಾಭ ಹುರಿ ಹೊಸೆದವರಿಗೆ ಮುಟ್ಟದಿರುವುದು ಇದರ ಅನ್ಯಾಯ.

1956ರ ಪುನರ್ವಿಂಗಡಣೆ

1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆ ದಕ್ಷಿಣ ಕನ್ನಡ ಜಿಲ್ಲೆಯನ್ನು ಮೂರು ಭಾಗಗಳಾಗಿ ಹಂಚಿತು. ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. ಅಮಿನ್‌ದೀವಿ ದ್ವೀಪಗಳು ಮಲಬಾರ್ ಜಿಲ್ಲೆಯ ಲಕ್ಕದೀವ್ ಮತ್ತು ಮಿನಿಕಾಯ್ ದ್ವೀಪಗಳೊಡನೆ ಸೇರಿ ಹೊಸ ಕೇಂದ್ರಾಡಳಿತ ಪ್ರದೇಶವಾದವು. ಉಳಿದ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು. ಕಾಸರಗೋಡಿನ ವಿಷಯವಾಗಿ ಕನ್ನಡನಾಡಿನಲ್ಲಿ ದೀರ್ಘ ಚಳವಳಿ ನಡೆಯಿತು. ಭಾಷೆಯ ಆಧಾರದಲ್ಲಿ ನೋಡಿದರೆ ಅಮಿನ್‌ದೀವಿ ಕನ್ನಡದ ಪ್ರದೇಶವಾಗಿರಲಿಲ್ಲವಾದ್ದರಿಂದ ಅಂತಹ ಬೇಡಿಕೆ ಅಲ್ಲಿ ಹುಟ್ಟಲಿಲ್ಲ.

ಹೊಸ ಪ್ರದೇಶದ ಹೆಸರು 'ಲಕ್ಕದೀವ್, ಮಿನಿಕಾಯ್ ಮತ್ತು ಅಮಿನ್‌ದೀವಿ ದ್ವೀಪಗಳು' ಎಂದಿತ್ತು. 1964ರಲ್ಲಿ ಅದರ ಆಡಳಿತ ಕೇಂದ್ರ ಕೋಳಿಕ್ಕೋಡಿನಿಂದ ಕವರತ್ತಿಗೆ ಬಂದಿತು. ಲೋಕಸಭೆಗೆ ಮೊದಲು ಸದಸ್ಯರನ್ನು ನಾಮಕರಣ ಮಾಡಲಾಗುತ್ತಿತ್ತು. ದ್ವೀಪದವರು ಮತ ಹಾಕಿ ತಮ್ಮ ಪ್ರತಿನಿಧಿಯನ್ನು ಆರಿಸಿದ್ದು 1967ರಲ್ಲಿ. 1973ರ ನವೆಂಬರ್ 1ರಂದು ಪ್ರದೇಶಕ್ಕೆ 'ಲಕ್ಷದ್ವೀಪ' ಎಂದು ನಾಮಕರಣವಾಯಿತು. ಅಂದಿನಿಂದ 'ಅಮಿನ್‌ದೀವಿ' ಎಂಬ ಹೆಸರು ಅಧಿಕೃತ ಬಳಕೆಯಿಂದ ಬಹುಮಟ್ಟಿಗೆ ಮರೆಯಾಯಿತು. ಇಲ್ಲಿ ವಿಧಾನಸಭೆ ಇಲ್ಲ. ಆಡಳಿತಾಧಿಕಾರಿಯನ್ನು ಕೇಂದ್ರ ಸರ್ಕಾರ ನೇಮಿಸುತ್ತದೆ.

ಮಂಗಳೂರಿನೊಡನೆ ಸಂಬಂಧ

ಆಡಳಿತದ ನಂಟು ಕಡಿದರೂ ವ್ಯಾಪಾರದ ನಂಟು ಉಳಿಯಿತು. ಮಂಗಳೂರಿನ ಹಳೆ ಬಂದರಿನಿಂದ 'ಮಂಜಿ' ಎಂಬ ಮರದ ಸರಕು ನೌಕೆಗಳು ಅಕ್ಕಿ, ದಿನಸಿ, ತರಕಾರಿ, ಜಲ್ಲಿ, ಸಿಮೆಂಟ್ ಮೊದಲಾದ ಸರಕನ್ನು ದ್ವೀಪಗಳಿಗೆ ಒಯ್ಯುತ್ತವೆ. ಚಿಕಿತ್ಸೆ ಮತ್ತು ವಿದ್ಯಾಭ್ಯಾಸಕ್ಕಾಗಿಯೂ ದ್ವೀಪದವರು ಮಂಗಳೂರಿಗೆ ಬರುವುದುಂಟು. 2024ರ ಮೇ ತಿಂಗಳಲ್ಲಿ 'ಪರಲಿ' ಎಂಬ ವೇಗದ ಪ್ರಯಾಣಿಕ ನೌಕೆ ಲಕ್ಷದ್ವೀಪದಿಂದ ಮಂಗಳೂರಿನ ಹಳೆ ಬಂದರಿಗೆ ಬಂದಿತು.

ಈ ನಂಟು ರಾಜಕೀಯ ವಿವಾದಕ್ಕೂ ಕಾರಣವಾಗಿದೆ. 2021ರಲ್ಲಿ ಸರಕು ಸಾಗಣೆಯನ್ನು ಕೇರಳದ ಬೇಪೂರಿನಿಂದ ಮಂಗಳೂರಿಗೆ ತಿರುಗಿಸುವ ಕ್ರಮಕ್ಕೆ ಕೇರಳದಲ್ಲಿ ವಿರೋಧ ಬಂದಿತು. ಲಕ್ಷದ್ವೀಪವನ್ನು ಕೇರಳ ಉಚ್ಚ ನ್ಯಾಯಾಲಯದ ವ್ಯಾಪ್ತಿಯಿಂದ ಕರ್ನಾಟಕ ಉಚ್ಚ ನ್ಯಾಯಾಲಯದ ವ್ಯಾಪ್ತಿಗೆ ತರುವ ಪ್ರಸ್ತಾಪವಿದೆ ಎಂದು ಅದೇ ವರ್ಷ ಪತ್ರಿಕೆಗಳಲ್ಲಿ ವರದಿಯಾಯಿತು. ದ್ವೀಪದ ಆಡಳಿತ ಅದನ್ನು ನಿರಾಕರಿಸಿತು. ಮಂಗಳೂರು ಹತ್ತಿರದ ಬಂದರು ಎಂಬುದು ಒಂದು ಕಡೆಯ ವಾದ. ಭಾಷೆ, ನ್ಯಾಯಾಲಯ ಮತ್ತು ಬಂಧುಬಳಗ ಕೇರಳದ ಕಡೆಗಿವೆ ಎಂಬುದು ಇನ್ನೊಂದು ಕಡೆಯ ವಾದ.

ಕಡಲ ಕಾನೂನು ಮತ್ತು ಪ್ರಾದೇಶಿಕ ಭದ್ರತೆ

1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆಯ 121ನೆಯ ವಿಧಿಯು ದ್ವೀಪ ಎಂದರೇನೆಂದು ವಿವರಿಸುತ್ತದೆ. ಭರತದ ಸಮಯದಲ್ಲಿಯೂ ನೀರಿನ ಮೇಲೆ ಉಳಿಯುವ, ನೈಸರ್ಗಿಕವಾಗಿ ಉಂಟಾದ ನೆಲವೇ ದ್ವೀಪ. ಅದರ ಸುತ್ತ 12 ನಾಟಿಕಲ್ ಮೈಲಿಗಳ ಪ್ರಾದೇಶಿಕ ಜಲ ಮತ್ತು 200 ನಾಟಿಕಲ್ ಮೈಲಿಗಳವರೆಗಿನ ವಿಶೇಷ ಆರ್ಥಿಕ ವಲಯದ ಹಕ್ಕು ಆ ದೇಶಕ್ಕೆ ಸಿಗುತ್ತದೆ. ಆದರೆ ಜನವಸತಿಯನ್ನಾಗಲಿ ಸ್ವಂತ ಆರ್ಥಿಕ ಜೀವನವನ್ನಾಗಲಿ ಪೋಷಿಸಲಾಗದ ಬರಿಯ ಬಂಡೆಗೆ ವಿಶೇಷ ಆರ್ಥಿಕ ವಲಯದ ಹಕ್ಕಿಲ್ಲ. ಲೆಕ್ಕ ಹಾಕಿದರೆ, ಅಕ್ಕಪಕ್ಕ ಬೇರೆ ನೆಲವಿಲ್ಲದ ಒಂದು ಪುಟ್ಟ ದ್ವೀಪವೂ ಸುಮಾರು 4.3 ಲಕ್ಷ ಚ.ಕಿ.ಮೀ. ಕಡಲಿನ ಮೇಲೆ ಹಕ್ಕು ತಂದುಕೊಡಬಲ್ಲದು. ಕೇವಲ 32 ಚ.ಕಿ.ಮೀ. ನೆಲವಿರುವ ಲಕ್ಷದ್ವೀಪದಿಂದ ಭಾರತಕ್ಕೆ ಸುಮಾರು 4 ಲಕ್ಷ ಚ.ಕಿ.ಮೀ. ಆರ್ಥಿಕ ವಲಯ ದೊರೆತಿದೆ. ದ್ವೀಪದ ಮೇಲಿನ ಹಕ್ಕು ಸಾಮಾನ್ಯವಾಗಿ ಇತಿಹಾಸ, ಒಪ್ಪಂದ ಮತ್ತು ಆಡಳಿತವನ್ನು ಅವಲಂಬಿಸುತ್ತದೆ. ಆದರೆ ಅದರಿಂದ ಸಿಗುವ ಕಡಲಿನ ವಿಸ್ತಾರಕ್ಕೆ ಅಲ್ಲಿ ಜನ ಬದುಕಬಲ್ಲರೇ ಎಂಬ ಪ್ರಶ್ನೆಯೂ ತಳಕು ಹಾಕಿಕೊಂಡಿದೆ.

ಲಕ್ಷದ್ವೀಪದ ದಕ್ಷಿಣದಲ್ಲಿ, ಮಿನಿಕಾಯ್‌ನ ಉತ್ತರಕ್ಕೆ ಹಾದುಹೋಗುವ ಒಂಬತ್ತು ಡಿಗ್ರಿ ಕಾಲುವೆ ಪರ್ಷಿಯನ್ ಕೊಲ್ಲಿಯಿಂದ ಪೂರ್ವ ಏಷ್ಯಾಕ್ಕೆ ಹೋಗುವ ತೈಲ ಹಡಗುಗಳ ಮುಖ್ಯ ಮಾರ್ಗಗಳಲ್ಲಿ ಒಂದು. ಮಿನಿಕಾಯ್‌ಗೂ ಮಾಲ್ದೀವ್ಸ್‌ಗೂ ನಡುವೆ ಎಂಟು ಡಿಗ್ರಿ ಕಾಲುವೆ ಇದೆ. ಅಲ್ಲಿನ ಕಡಲ ಗಡಿಯನ್ನು ಭಾರತ ಮತ್ತು ಮಾಲ್ದೀವ್ಸ್ 1976ರಲ್ಲಿ ಒಪ್ಪಂದದ ಮೂಲಕ ಇತ್ಯರ್ಥಪಡಿಸಿಕೊಂಡವು. ಸೋಮಾಲಿಯಾದ ಕಡಲ್ಗಳ್ಳರ ಹಾವಳಿ ಲಕ್ಷದ್ವೀಪದ ಸಮೀಪಕ್ಕೆ ಬಂದಿದ್ದ 2011ರ ಜನವರಿಯಲ್ಲಿ ಭಾರತೀಯ ನೌಕಾಪಡೆ ಇಲ್ಲಿ ಕಾರ್ಯಾಚರಣೆ ನಡೆಸಿತು. 2012ರಲ್ಲಿ ಕವರತ್ತಿಯಲ್ಲಿ ಐಎನ್‌ಎಸ್ ದ್ವೀಪರಕ್ಷಕ್ ಮತ್ತು 2024ರ ಮಾರ್ಚ್ 6ರಂದು ಮಿನಿಕಾಯ್‌ನಲ್ಲಿ ಐಎನ್‌ಎಸ್ ಜಟಾಯು ನೌಕಾನೆಲೆಗಳು ಕಾರ್ಯಾರಂಭ ಮಾಡಿದವು.

ಬಿತ್ರಾದ ಭೂಸ್ವಾಧೀನ ಪ್ರಶ್ನೆ

2025ರ ಜುಲೈನಲ್ಲಿ ಲಕ್ಷದ್ವೀಪ ಆಡಳಿತವು ಬಿತ್ರಾ ದ್ವೀಪದ ಸಂಪೂರ್ಣ ನೆಲವನ್ನು ರಕ್ಷಣಾ ಉದ್ದೇಶಕ್ಕಾಗಿ ಸ್ವಾಧೀನಪಡಿಸಿಕೊಳ್ಳುವ ಬಗ್ಗೆ ಅಧಿಸೂಚನೆ ಹೊರಡಿಸಿತು. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಸಾಮಾಜಿಕ ಪರಿಣಾಮದ ಅಧ್ಯಯನ ನಡೆಸಬೇಕೆಂದು ಅದರಲ್ಲಿ ಸೂಚಿಸಲಾಗಿತ್ತು. ದ್ವೀಪದ ಆಯಕಟ್ಟಿನ ಸ್ಥಾನ ಮತ್ತು ರಾಷ್ಟ್ರೀಯ ಭದ್ರತೆಯ ಅಗತ್ಯವನ್ನು ಆಡಳಿತ ಕಾರಣವಾಗಿ ನೀಡಿತು. ದ್ವೀಪದ ನಿವಾಸಿಗಳೂ ಲೋಕಸಭಾ ಸದಸ್ಯ ಹಮ್ದುಲ್ಲಾ ಸಯೀದ್ ಅವರೂ ಇದನ್ನು ವಿರೋಧಿಸಿದರು. ತಮ್ಮೊಡನೆ ಸಮಾಲೋಚಿಸದೆ ನಿರ್ಧಾರ ಕೈಗೊಳ್ಳಲಾಗಿದೆ ಎಂಬುದು ಅವರ ಆಕ್ಷೇಪ.

ಇದಕ್ಕೂ ಮುಂಚೆ, 2021ರಲ್ಲಿ, ಲಕ್ಷದ್ವೀಪ ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮಾವಳಿಯ ವಿರುದ್ಧ ಪ್ರತಿಭಟನೆ ನಡೆದಿತ್ತು. ಆ ವರ್ಷದ ಜೂನ್ 7ರಂದು ಎಲ್ಲ ದ್ವೀಪಗಳ ಜನ ತಮ್ಮ ಮನೆಗಳಲ್ಲಿಯೇ 12 ಗಂಟೆಗಳ ಉಪವಾಸ ಕೈಗೊಂಡಿದ್ದರು.

ಹೋಲಿಕೆಗೆ ಬರುವ ಇತರ ದ್ವೀಪಗಳು

ಕಾರವಾರದ ಎದುರಿಗಿರುವ ಅಂಜದೀವ ದ್ವೀಪ ಕನ್ನಡ ಕರಾವಳಿಗೆ ಹತ್ತಿರದ ಇನ್ನೊಂದು ಉದಾಹರಣೆ. ಪೋರ್ಚುಗೀಸರು 1505ರಲ್ಲಿ ಅಲ್ಲಿ ಕೋಟೆ ಕಟ್ಟಿದರು. 1961ರ ನವೆಂಬರಿನಲ್ಲಿ ದ್ವೀಪದಿಂದ ಭಾರತದ ನೌಕೆಯ ಮೇಲೆ ಗುಂಡು ಹಾರಿದ ಪ್ರಸಂಗ ಗೋವಾ ವಿಮೋಚನೆಯ ಕಾರ್ಯಾಚರಣೆಗೆ ಹತ್ತಿರದ ಕಾರಣಗಳಲ್ಲಿ ಒಂದಾಯಿತು. ಡಿಸೆಂಬರಿನಲ್ಲಿ ಐಎನ್‌ಎಸ್ ಮೈಸೂರು ಮತ್ತು ಐಎನ್‌ಎಸ್ ತ್ರಿಶೂಲ್ ಹಡಗುಗಳ ನಾವಿಕರು ಅದನ್ನು ವಶಪಡಿಸಿಕೊಂಡರು. ಏಳು ನಾವಿಕರು ಮಡಿದರು. ಆಡಳಿತಾತ್ಮಕವಾಗಿ ಗೋವಾಕ್ಕೆ ಸೇರಿದ ಅಂಜದೀವ ಈಗ ಕಾರವಾರದ ಸೀಬರ್ಡ್ ನೌಕಾನೆಲೆಯ ಭಾಗವಾಗಿದೆ. ಆ ನೆಲೆಗಾಗಿ ಕರಾವಳಿಯ ಸಾವಿರಾರು ಕುಟುಂಬಗಳು ಮನೆ ಮತ್ತು ಜಮೀನು ಬಿಟ್ಟು ತೆರಳಿದವು. ಅವರ ಪರಿಹಾರದ ಪ್ರಶ್ನೆ ದಶಕಗಳವರೆಗೆ ನಡೆಯಿತು.

ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳಿಂದ, ಡಿಯೆಗೊ ಗಾರ್ಸಿಯಾದ ಸೇನಾನೆಲೆಗಾಗಿ, ಬ್ರಿಟನ್ 1968ರಿಂದ 1973ರ ಅವಧಿಯಲ್ಲಿ ಎಲ್ಲ ನಿವಾಸಿಗಳನ್ನು ತೆರವುಗೊಳಿಸಿತು. ಚಾಗೋಸ್ ಅನ್ನು ಮಾರಿಷಸ್‌ನಿಂದ ಬೇರ್ಪಡಿಸಿದ್ದು ಕಾನೂನುಬದ್ಧವಲ್ಲವೆಂದು ಅಂತರರಾಷ್ಟ್ರೀಯ ನ್ಯಾಯಾಲಯ 2019ರಲ್ಲಿ ಸಲಹಾ ಅಭಿಪ್ರಾಯ ನೀಡಿತು. ಇದಕ್ಕೆ ವಿರುದ್ಧವಾದ ಉದಾಹರಣೆ ಬಾಲ್ಟಿಕ್ ಸಮುದ್ರದ ಆಲಂಡ್ ದ್ವೀಪಗಳು. ಸ್ವೀಡಿಷ್ ಭಾಷಿಕರ ಈ ದ್ವೀಪಗಳು ಫಿನ್ಲೆಂಡಿನಲ್ಲಿಯೇ ಇರಬೇಕು, ಆದರೆ ಅಲ್ಲಿನವರ ಭಾಷೆ ಮತ್ತು ನೆಲದ ಹಕ್ಕಿಗೆ ರಕ್ಷಣೆ ಇರಬೇಕು ಎಂದು 1921ರಲ್ಲಿ ರಾಷ್ಟ್ರಸಂಘ ತೀರ್ಮಾನಿಸಿತು. ಸ್ವಾಯತ್ತ ಆಡಳಿತವಿರುವ ಈ ದ್ವೀಪಗಳು ಸೈನ್ಯರಹಿತ ಪ್ರದೇಶವಾಗಿಯೂ ಉಳಿದಿವೆ. ಶಾಂತಿ ನಿರ್ಮಾಣದ ಅಧ್ಯಯನಗಳಲ್ಲಿ ಇದನ್ನು ಯಶಸ್ವಿ ಮಾದರಿಯೆಂದು ಉಲ್ಲೇಖಿಸುತ್ತಾರೆ.

ಅಧ್ಯಯನಗಳು

ದ್ವೀಪಗಳ ಬಗೆಗಿನ ಆರಂಭದ ಬರಹಗಳು ಕಂದಾಯ ಅಧಿಕಾರಿಗಳವು. 1847ರ ಚಂಡಮಾರುತದ ನಂತರ ದ್ವೀಪಗಳಿಗೆ ಭೇಟಿಯಿತ್ತ ವಿಲಿಯಂ ರಾಬಿನ್ಸನ್ 1848ರಲ್ಲಿ ವರದಿ ಸಲ್ಲಿಸಿದನು. ವಿಲಿಯಂ ಲೋಗನ್ ತನ್ನ ಮಲಬಾರ್ ಕೈಪಿಡಿಯಲ್ಲಿ (1887) ದಕ್ಷಿಣದ ದ್ವೀಪಗಳನ್ನು ವಿವರಿಸಿದ್ದಾನೆ. ಅಮಿನ್‌ದೀವಿಯ ವಿವರಗಳು ಸ್ಟರಾಕ್ ಮತ್ತು ಸ್ಟುವರ್ಟ್ ಸಂಪಾದಿಸಿದ ದಕ್ಷಿಣ ಕನ್ನಡ ಜಿಲ್ಲಾ ಕೈಪಿಡಿಯಲ್ಲಿವೆ (1894–95). ಆರ್. ಎಚ್. ಎಲ್ಲಿಸ್ 1924ರಲ್ಲಿ ದ್ವೀಪಗಳ ಸಂಕ್ಷಿಪ್ತ ಪರಿಚಯ ಗ್ರಂಥ ಬರೆದನು. ಸ್ವಾತಂತ್ರ್ಯಾನಂತರ ಮಾನವಶಾಸ್ತ್ರಜ್ಞೆ ಲೀಲಾ ದುಬೆ ಕಲ್ಪೇನಿ ದ್ವೀಪದ ಮಾತೃವಂಶೀಯ ಪದ್ಧತಿಯನ್ನು ಕುರಿತು 1969ರಲ್ಲಿ ಪ್ರಕಟಿಸಿದ ಕೃತಿ ಪ್ರಸಿದ್ಧವಾಗಿದೆ.

ಭದ್ರತೆಯ ದೃಷ್ಟಿಯಿಂದ ಕೆ. ಎಂ. ಪಣಿಕ್ಕರ್ 1945ರಲ್ಲಿ ಬರೆದ ಹಿಂದೂ ಮಹಾಸಾಗರದ ಕುರಿತ ಗ್ರಂಥ ಭಾರತದಲ್ಲಿ ಈ ಚಿಂತನೆಗೆ ತಳಹದಿ ಹಾಕಿತು. ಶ್ರೀಲಂಕಾದ ಪ್ರಸ್ತಾಪದ ಮೇಲೆ ವಿಶ್ವಸಂಸ್ಥೆಯ ಮಹಾಸಭೆ 1971ರ ಡಿಸೆಂಬರ್ 16ರಂದು ಹಿಂದೂ ಮಹಾಸಾಗರವನ್ನು ಶಾಂತಿವಲಯವೆಂದು ಘೋಷಿಸಿತು. ಟೊಂಗಾ ಮೂಲದ ವಿದ್ವಾಂಸ ಎಪೆಲಿ ಹೌಒಫಾ 1993ರಲ್ಲಿ ಬರೆದ ಪ್ರಬಂಧದಲ್ಲಿ, ದ್ವೀಪಗಳನ್ನು ಕಡಲಲ್ಲಿ ಚದುರಿದ ನೆಲದ ಚೂರುಗಳೆಂದು ಕಾಣದೆ, ಕಡಲಿನಿಂದಲೇ ಬೆಸೆದ ಸಮಾಜಗಳೆಂದು ಕಾಣಬೇಕೆಂದು ವಾದಿಸಿದರು. ಕರ್ನಾಟಕದಲ್ಲಿ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಮತ್ತು ಮಣಿಪಾಲದ ಉನ್ನತ ಶಿಕ್ಷಣ ಅಕಾಡೆಮಿಯಲ್ಲಿ ಭದ್ರತೆ ಹಾಗೂ ಅಂತರರಾಷ್ಟ್ರೀಯ ಸಂಬಂಧಗಳ ಅಧ್ಯಯನ ನಡೆಯುತ್ತದೆ.

ಶಾಂತಿ ಅಧ್ಯಯನದಲ್ಲಿ ನಾರ್ವೆಯ ಯೋಹಾನ್ ಗಾಲ್ಟುಂಗ್ ಎರಡು ಬಗೆಯ ಶಾಂತಿಯನ್ನು ಗುರುತಿಸಿದ್ದಾರೆ: ಹಿಂಸೆ ಇಲ್ಲದಿರುವುದು ಒಂದು, ನ್ಯಾಯ ಇರುವುದು ಇನ್ನೊಂದು. ಅಮಿನ್‌ದೀವಿಯಲ್ಲಿ ಮೊದಲನೆಯದು ಬಹುಕಾಲ ಇತ್ತು. ಹುರಿಯ ದರದಿಂದ ಹಿಡಿದು ಬಿತ್ರಾದ ನೆಲದವರೆಗೆ ಅಲ್ಲಿನ ಜನ ಮತ್ತೆ ಮತ್ತೆ ಕೇಳಿರುವುದು ಎರಡನೆಯದನ್ನು.

ಇವನ್ನೂ ನೋಡಿ

ಲಕ್ಷದ್ವೀಪ
ದಕ್ಷಿಣ ಕನ್ನಡ ಜಿಲ್ಲೆ
ಮಂಗಳೂರು ಹಳೆ ಬಂದರು
ಅಂಜದೀವ
ಅರಕ್ಕಲ್ ಮನೆತನ
ರಾಜ್ಯ ಪುನರ್ವಿಂಗಡಣಾ ಕಾಯ್ದೆ, 1956